ಮುಟ್ಟು ನಿಂತರೆ ಅವಳ ತಪ್ಪೇ?



ಯರಗುಪ್ಪಿಯಂಥ ನಮ್ಮ ಊರುಗಳಲ್ಲಿ ಸೊಸೆ ಮೂರು ತಿಂಗಳು ಮುಟ್ಟಾಗದಿದ್ದರೆ ಬಸಿರೆಂಬ ಸಂಭ್ರಮ. ಅಲ್ಲವೆಂದು ತಿಳಿದರೆ ‘ಬಂಜಿ’ ಎಂಬ ಬೈಗುಳ. ಬೆನ್ನಿಗೇ ತವರಿನಿಂದ ಹಣ ತಾ, ಇಲ್ಲವೆ ಇನ್ನೊಂದು ಮದುವೆ ಎಂಬ ಬೆದರಿಕೆ.

ಇದಕ್ಕೆ ಪಿಸಿಒಎಸ್ ಕಾರಣವಾಗಿರಬಹುದು. ಹಾರ್ಮೋನು ಏರುಪೇರಾಗಿ ಅಂಡಾಶಯದಿಂದ ಅಂಡ ತಿಂಗಳಿಗೊಮ್ಮೆ ಹೊರಬರುವುದಿಲ್ಲ. ಗದ್ದದ ಮೇಲೆ ಕೂದಲು, ಮೊಡವೆ, ಕೆಲವರಿಗೆ ಮೈಭಾರ. ಹೆರುವ ವಯಸ್ಸಿನ ನೂರು ಹೆಂಗಸರಲ್ಲಿ 10ರಿಂದ 13 ಮಂದಿಗೆ ಇದಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದು ಶಾಪವಲ್ಲ.

ದಿನಾ ಅರ್ಧ ತಾಸು ಬಿರುಸಿನ ನಡಿಗೆ, ಜೋಳದ ರೊಟ್ಟಿ, ಕಾಳು, ಸೊಪ್ಪು, ಕಡಿಮೆ ಸಕ್ಕರೆ. ಮೈಭಾರವಿದ್ದವರು ತುಸು ಇಳಿಸಿದರೂ ಎಷ್ಟೋ ಸಲ ಮುಟ್ಟು ಸರಿಹೋಗುತ್ತದೆ. ಆದರೆ ನಾನು ಕೇಳುತ್ತೇನೆ: ಎಲ್ಲರೂ ಉಂಡ ಮೇಲೆ ಉಣ್ಣುವ ಸೊಸೆಗೆ ಕಾಳುಪಲ್ಯ ಉಳಿದಿರುತ್ತದೆಯೇ? ನಡೆಯಲು ಬಿಡುವು ಕೊಡುವವರು ಯಾರು?

ಮೂರು ತಿಂಗಳು ಮುಟ್ಟು ನಿಂತರೆ ಸರಕಾರಿ ಆಸ್ಪತ್ರೆಗೆ ಹೋಗಿರಿ. ಚಿಕಿತ್ಸೆ ಪಡೆದು ತಾಯಂದಿರಾದವರು ಬಹಳ. ಮಕ್ಕಳಾಗದಿದ್ದರೆ ಗಂಡನೂ ಪರೀಕ್ಷೆ ಮಾಡಿಸಿಕೊಳ್ಳಲಿ.

ಮಕ್ಕಳಿಲ್ಲವೆಂದು ಹೀಯಾಳಿಸುವುದನ್ನೂ 2005ರ ಕೌಟುಂಬಿಕ ಹಿಂಸೆ ಕಾನೂನು ಹಿಂಸೆಯೆಂದೇ ಹೇಳುತ್ತದೆ. ಸಹಾಯಕ್ಕೆ 181ಕ್ಕೆ ಫೋನು ಮಾಡಿರಿ. ಸಂಘದಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ಮಾತನ್ನೂ ಎತ್ತಿರಿ. ಅಂಥ ಸೊಸೆ ನಿಮ್ಮ ಓಣಿಯಲ್ಲೇ ಇದ್ದಾಳು.