ಗೇಟಿನ ಮುಂದಿನ 50 ಮೀಟರ್: ವಿಜಯನಗರ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ವಿಜಯನಗರ ಜಿಲ್ಲೆ, ಹೊಸಪೇಟೆ

ಮಾನ್ಯರೇ,

ಹೊಸ ಯೋಜನೆಯನ್ನಾಗಲೀ ಅನುದಾನವನ್ನಾಗಲೀ ಕೇಳಿ ಬರೆಯುತ್ತಿರುವ ಪತ್ರ ಇದಲ್ಲ. ಈಗಾಗಲೇ ಇರುವ ಒಂದು ನಿಯಮವನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಶಾಲೆ ಗೇಟಿನ ತನಕ ತಲುಪಿಸಿಕೊಡಿ ಎಂದು ಹಿರೇಹಡಗಲಿಯಿಂದ ಕೇಳಿಕೊಳ್ಳುತ್ತಿದ್ದೇನೆ.

ಶಾಲಾ ಮಕ್ಕಳ ಸುರಕ್ಷಿತ ಆಹಾರ ಮತ್ತು ಸಮತೋಲಿತ ಪಥ್ಯ ಕುರಿತ ನಿಯಮಾವಳಿಯನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2020ರ ಸೆಪ್ಟೆಂಬರ್ 4ರಂದು ಹೊರಡಿಸಿತು. 2021ರ ಜುಲೈ 1ರಿಂದ ಅದು ಜಾರಿಯಲ್ಲಿದೆ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಹಾಸ್ಟೆಲಿನ ಅಡುಗೆಮನೆಯಲ್ಲಾಗಲಿ, ಗೇಟಿನಿಂದ ಯಾವ ದಿಕ್ಕಿಗಾದರೂ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಅಂಥ ತಿನಿಸಿನ ಜಾಹೀರಾತು ಹಾಕುವಂತಿಲ್ಲ, ಪುಕ್ಕಟೆ ಹಂಚುವಂತೆಯೂ ಇಲ್ಲ. ನಮ್ಮ ವಿಜಯನಗರ ಜಿಲ್ಲೆ ಹುಟ್ಟಿದ್ದೂ ಅದೇ 2021ರಲ್ಲಿ. ಜಿಲ್ಲೆಗೆ ಕಚೇರಿಗಳು ಬಂದವು, ಅಧಿಕಾರಿಗಳು ಬಂದರು. ಆದರೆ ಈ ನಿಯಮದ ಸುದ್ದಿಯನ್ನು ನಮ್ಮೂರಿನ ಅಂಗಡಿಯವರ ಬಾಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ತಂಬಾಕಿನ ಸಂಗತಿ ಹಾಗಲ್ಲ. ಶಾಲೆಯಿಂದ 100 ಗಜದೊಳಗೆ ಬೀಡಿ, ಸಿಗರೇಟು, ಗುಟ್ಕಾ ಮಾರಬಾರದೆಂಬ 2003ರ ಕಾಯ್ದೆ ಎಲ್ಲರಿಗೂ ಗೊತ್ತು. ಗೋಡೆಗಳ ಮೇಲೆ ಬರೆದಿದ್ದಾರೆ, ಮಾರುವವನಿಗೂ ಒಂದಿಷ್ಟು ಅಳುಕಿದೆ. ಪಾಕೀಟ್ ತಿಂಡಿಯ ವಿಷಯದಲ್ಲಿ ಅಂಥ ಅಳುಕು ಹುಟ್ಟುವುದಿರಲಿ, ಹಾಗೊಂದು ಗೆರೆ ಇದೆಯೆಂಬುದೇ ತಿಳಿದಿಲ್ಲ.

ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಸೀಮೆಯ ಯಾವ ಶಾಲೆಯ ಮುಂದಾದರೂ ಹತ್ತು ನಿಮಿಷ ನಿಂತು ನೋಡಿ. ಅಂಗಡಿ ಮುಂದೆ ಪಾಕೀಟಿನ ಸರಗಳು ಜೋತುಬಿದ್ದಿರುತ್ತವೆ. ದೊಡ್ಡವರು ತಲೆ ತಗ್ಗಿಸಿಯೇ ಒಳಗೆ ನೋಡಬೇಕು, ಏಕೆಂದರೆ ಸರ ಕಟ್ಟಿರುವುದು ಎರಡನೇ ಕ್ಲಾಸಿನ ಹುಡುಗನ ಕೈಗೆ ಎಟಕುವ ಎತ್ತರಕ್ಕೆ. ಐದು ರೂಪಾಯಿಗೆ ಮಸಾಲೆ ಕುರುಕಲು, ಐದಕ್ಕೆ ಕ್ರೀಮ್ ಬಿಸ್ಕತ್ತು, ಎರಡು ರೂಪಾಯಿಗೆ ಬಣ್ಣದ ಜೆಲ್ಲಿ, ಹತ್ತಕ್ಕೆ ಮಾವಿನಹಣ್ಣಿನ ಚಿತ್ರವಿರುವ ಜೂಸು. ಹುಡುಗ ಪಾಕೀಟನ್ನು ಹಲ್ಲಿನಿಂದ ಹರಿದು ತಿನ್ನುತ್ತಾನೆ. ಮುಗಿದ ಮೇಲೆ ತಳದಲ್ಲಿ ಉಳಿದ ಪುಡಿಯನ್ನು ಅಂಗೈಗೆ ಸುರಿದುಕೊಂಡು ನೆಕ್ಕುತ್ತಾನೆ. ಬೆರಳೆಲ್ಲ ಕಿತ್ತಳೆ ಬಣ್ಣ. ಪ್ರಾರ್ಥನೆ ಗಂಟೆ ಬಾರಿಸಿದಾಗ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಒಳಗೆ ಓಡುತ್ತಾನೆ. ಮಧ್ಯಾಹ್ನ ಬಿಸಿಯೂಟಕ್ಕೆ ಕೂತಾಗ ಇದೇ ಹುಡುಗ ಅನ್ನ ಸಾರನ್ನು ಕಲಸುತ್ತ ಕೂರುತ್ತಾನೆ, ಮೊಟ್ಟೆಯನ್ನು ಪಕ್ಕದವನ ತಟ್ಟೆಗೆ ದಾಟಿಸುತ್ತಾನೆ. ಹಸಿವಿಲ್ಲವೇ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾನೆ, ಅಷ್ಟೆ.

ಇದನ್ನು ಹುಡುಗರ ಚಪಲ ಎಂದು ತಳ್ಳಿಹಾಕುವವರಿದ್ದಾರೆ, ತಂದೆತಾಯಿ ಸರಿಯಿಲ್ಲ ಎನ್ನುವವರೂ ಇದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮದು ಮಳೆ ನಂಬಿದ ಸೀಮೆ. ಸುಗ್ಗಿ ಮುಗಿಯಿತೆಂದರೆ ಎಷ್ಟೋ ಮನೆಗಳು ಗುಳೆ ಹೊರಡುತ್ತವೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತವೆ. ಊರಲ್ಲೇ ಇರುವ ತಾಯಂದಿರೂ ಹೊತ್ತು ಮೂಡುವ ಮೊದಲೇ ಟಂಟಂ ಹತ್ತಿ ಕೂಲಿಗೆ ಹೋದರೆ ಬೆಳಗಿನ ರೊಟ್ಟಿ ಮಗುವಿನ ಪಾಲಿಗೆ ರಾತ್ರಿಯ ತಂಗಳು. "ರೊಟ್ಟಿ ಬಡಿಯಾಕ ಕೈ ಕೇಳಂಗಿಲ್ಲಪ್ಪಾ, ಹತ್ ರೂಪಾಯಿ ಕೊಟ್ರ ಹುಡುಗ ಸಾಲಿಗೆ ಹೊಕ್ಕಾನ" ಎಂದು ನನ್ನ ಮುಂದೆ ಹೇಳಿದ ಅಜ್ಜಿಗೆ ಏನು ಉತ್ತರ ಕೊಡಲಿ? ಆ ಹತ್ತು ರೂಪಾಯಿಯಲ್ಲಿ ಪ್ರೀತಿಯಿದೆ, ಮಗು ಹಸಿದು ಹೋಗಬಾರದೆಂಬ ಚಿಂತೆಯಿದೆ. ಗೇಟಿನ ಮುಂದೆ ಆ ಹತ್ತು ರೂಪಾಯಿಗೆ ಏನು ಸಿಗುತ್ತದೆ ಎಂಬುದನ್ನು ಬದಲಿಸುವ ಶಕ್ತಿ ಅಜ್ಜಿಗಿಲ್ಲ. ತಮಗಿದೆ.

ಗೇಟಿನ ಒಳಗೆ ಸರ್ಕಾರ ಸುಮ್ಮನೆ ಕೂತಿಲ್ಲ ಎಂಬುದನ್ನೂ ಹೇಳಬೇಕು. ಅಕ್ಷರ ದಾಸೋಹ 2002ರಲ್ಲಿ ರಾಜ್ಯದಲ್ಲಿ ಶುರುವಾದದ್ದೇ ನಮ್ಮ ಕಡೆಯ ಜಿಲ್ಲೆಗಳಿಂದ, ಅದರಲ್ಲಿ ಅವಿಭಜಿತ ಬಳ್ಳಾರಿಯೂ ಒಂದು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂತು, 2024ರ ಫೆಬ್ರುವರಿಯಲ್ಲಿ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಸೇರಿತು. ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದೇ ವರ್ಷ ಆರು ದಿನಕ್ಕೇರಿತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಅದಕ್ಕೂ ಹಿಂದಿನ ಸಮೀಕ್ಷೆಗಿಂತ ಇದು ಹೆಚ್ಚು. ಶಾಲೆ ಸೇರುವಾಗಲೇ ರಕ್ತ ಕಡಿಮೆಯಿರುವ ಮಗುವಿಗೆ ಮೊಟ್ಟೆ, ಹಾಲು, ಬೇಳೆ ಕೊಟ್ಟು ಮೈ ತುಂಬಿಸಲು ಹೊರಟಿದ್ದೇವೆ. ಅಷ್ಟರಲ್ಲಿ ಗೇಟಿನ ಹೊರಗಿನ ಐದು ರೂಪಾಯಿ ಪಾಕೀಟು ಅದರ ಹಸಿವನ್ನು ಮೊದಲೇ ಕೊಂದಿರುತ್ತದೆ. ಅಡುಗೆಯ ಅಕ್ಕಂದಿರ ಹೊಗೆ, ಬೆವರು, ಸರ್ಕಾರದ ಕೋಟಿಗಟ್ಟಲೆ ಹಣ ಎಲ್ಲ ತಟ್ಟೆಯಲ್ಲೇ ಉಳಿದು ಬಕೆಟ್ ಸೇರುತ್ತವೆ.

ಇನ್ನೊಂದು ಸಂಗತಿ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಡುತ್ತಿದ್ದರಲ್ಲ, 2025ರ ಜನವರಿಯಲ್ಲಿ ಶಿಕ್ಷಣ ಇಲಾಖೆ ಚಿಕ್ಕಿಯನ್ನು ಕೈಬಿಟ್ಟಿತು. ಸಕ್ಕರೆ ಹೆಚ್ಚು, ದಾಸ್ತಾನು ಸರಿಯಿಲ್ಲ ಎಂಬ ದೂರುಗಳಿದ್ದವು. ಶೇಂಗಾ ಬೆಳೆಯುವ ನಮ್ಮಂಥವರಿಗೆ ಅದು ಸ್ವಲ್ಪ ನೋವಿನ ತೀರ್ಮಾನವೇ. ಆದರೂ ಮಕ್ಕಳ ಹಿತಕ್ಕೆ ಎಂದಾಗ ಒಪ್ಪಿದೆವು. ಒಳಗಿನ ಚಿಕ್ಕಿಯ ಸಕ್ಕರೆ ಕಂಡ ಕಣ್ಣಿಗೆ ಹೊರಗಿನ ಜೂಸಿನ ಸಕ್ಕರೆಯೂ ಕಾಣಬೇಕಲ್ಲವೇ?

ಆ ಸಕ್ಕರೆ ಎಷ್ಟು ಎಂಬ ಲೆಕ್ಕವೇನೂ ಕಷ್ಟದ್ದಲ್ಲ. ದಿನದ ಶಕ್ತಿಯ ಶೇ 10ಕ್ಕಿಂತ ಕಡಿಮೆ, ಸಾಧ್ಯವಾದರೆ ಶೇ 5ಕ್ಕಿಂತ ಕಡಿಮೆ ಪಾಲು ಮಾತ್ರ ಇಂಥ ಸಕ್ಕರೆಯಿಂದ ಬರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ದೊಡ್ಡವರಿಗೇ ಶೇ 5 ಎಂದರೆ ಸುಮಾರು 25 ಗ್ರಾಂ, ಆರು ಚಮಚ. ಪುಟ್ಟ ಮಕ್ಕಳಿಗೆ ಅದಕ್ಕಿಂತ ಕಡಿಮೆ. ತಂಪು ಪಾನೀಯಗಳಲ್ಲಿ 100 ಮಿ.ಲೀ.ಗೆ ಸುಮಾರು 10 ಗ್ರಾಂ ಸಕ್ಕರೆಯಿರುತ್ತದೆ, ಮಾವಿನ ಪೇಯಗಳಲ್ಲಿ ಹಲವು ಸಲ ಅದಕ್ಕೂ ಹೆಚ್ಚು. ಒಂದು ಚಿಕ್ಕ ಬಾಟಲಿಯಲ್ಲೇ ಮಗುವಿನ ಇಡೀ ದಿನದ ಪಾಲು ಮುಗಿದುಹೋಗುತ್ತದೆ. ಇದೆಲ್ಲ ಪಾಕೀಟಿನ ಬೆನ್ನ ಮೇಲೆ ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಕನ್ನಡ ಶಾಲೆಯ ಏಳನೇ ಕ್ಲಾಸಿನ ಜಾಣ ಹುಡುಗಿಯೊಬ್ಬಳ ಕೈಗೆ ಕೊಟ್ಟು ಓದಿಸಿದೆ. ಬೆಲೆ ಓದಿದಳು, ತಾರೀಖು ಓದಿದಳು, ಉಳಿದದ್ದನ್ನು ಬಿಟ್ಟಳು. ನನಗೂ ಅದರಲ್ಲಿ ಅರ್ಧ ಪದಾರ್ಥಗಳು ಏನೆಂದು ಗೊತ್ತಾಗಲಿಲ್ಲ. ಮನೆಯ ಒಲೆಯ ಮೇಲೆ ಯಾರೂ ಬಳಸದ ಎಮಲ್ಸಿಫೈಯರು, ಕೃತಕ ಬಣ್ಣ, ಸುವಾಸನೆ, ರುಚಿ ಹೆಚ್ಚಿಸುವ ಪುಡಿಗಳಿಂದ ಕಾರ್ಖಾನೆಯಲ್ಲಿ ತಯಾರಾಗುವುದಕ್ಕೇ ಅತಿಸಂಸ್ಕರಿತ ಆಹಾರ ಎನ್ನುತ್ತಾರೆ. ಒಂದು ತಿಂದರೆ ಇನ್ನೊಂದು ಬೇಕೆನಿಸುವ ಹಾಗೆ ಹದ ಮಾಡಿರುತ್ತಾರೆ. ಎಂಟು ವರ್ಷದ ಮಗು ಮನಸ್ಸು ಬಿಗಿಹಿಡಿದು ಅದರೆದುರು ಗೆಲ್ಲಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ನಾವು ಸಿಹಿಯ ವೈರಿಗಳಲ್ಲ. ಮೈಲಾರದ ಜಾತ್ರೆಗೆ ಹೋಗಿ ಕಾರಣಿಕ ಕೇಳಿ, ಬೆಂಡು ಬತ್ತಾಸು ಕಟ್ಟಿಸಿಕೊಳ್ಳದೆ ಬಂದವರು ಯಾರಿದ್ದಾರೆ? ಕೊಟ್ಟೂರೇಶ್ವರನ ತೇರಿನಲ್ಲೂ ಅಷ್ಟೆ. ಬತ್ತಾಸು ಶುದ್ಧ ಸಕ್ಕರೆಯೇ. ಆದರೆ ಅದು ಜಾತ್ರೆಯ ಜೊತೆ ಬಂದು ಜಾತ್ರೆಯ ಜೊತೆಗೇ ಹೋಗುತ್ತಿತ್ತು. ಪಾಕೀಟು ಬಂದ ಮೇಲೆ ಮಗುವಿಗೆ ದಿನವೂ ಜಾತ್ರೆ. ಮಂಡಕ್ಕಿ ಮಿರ್ಚಿಯ ಮೇಲೂ ನನಗೆ ಸಿಟ್ಟಿಲ್ಲ.

ಈಗ ಅಂಗಡಿಯವರ ಮಾತು. ಶಾಲೆ ಮುಂದಿನ ಅಂಗಡಿಗಳಲ್ಲಿ ಹಲವು ವಿಧವೆಯರದು, ಅಂಗವಿಕಲರದು, ಹೊಲದ ಕೆಲಸ ಮಾಡಲಾಗದ ವಯಸ್ಸಾದವರದು. "ನಾ ಇಡ್ಲಿಲ್ಲಂದ್ರ ಮುಂದಿನ ಅಂಗ್ಡ್ಯಾಗ ತಗಂತಾವ್ರೀ. ನನಗೂ ಹೊಟ್ಟಿ ಐತಲ್ರೀ" ಎಂದು ಒಬ್ಬ ತಾಯಿ ಹೇಳಿದರು. ಅವರು ಹೇಳಿದ್ದು ನಿಜ. ಒಬ್ಬರ ಮೇಲೆ ದಂಡ ಹಾಕಿ ಪತ್ರಿಕೆಯಲ್ಲಿ ಫೋಟೊ ಹಾಕಿಸುವ ಕಾರ್ಯಾಚರಣೆಯಿಂದ ಏನೂ ಆಗುವುದಿಲ್ಲ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ವಾರಕ್ಕೊಮ್ಮೆ ಟೆಂಪೊದಲ್ಲಿ ಬಂದು ಸರ ಕಟ್ಟಿ ಹೋಗುವ ವಿತರಕರಿಂದ ಶುರು ಮಾಡಿ. ಅವರು ಬೆರಳೆಣಿಕೆಯಷ್ಟು ಜನ, ತಾಲ್ಲೂಕು ಕೇಂದ್ರಗಳಲ್ಲೇ ಇದ್ದಾರೆ, ಪರವಾನಗಿ ಪಡೆದೇ ವ್ಯಾಪಾರ ಮಾಡುವವರು. ಶಾಲೆಯ 50 ಮೀಟರ್ ಒಳಗಿನ ಅಂಗಡಿಗೆ ಈ ಮಾಲು ಇಳಿಸಕೂಡದು ಎಂದು ಅವರಿಂದ ಬರೆಸಿಕೊಳ್ಳಿ.

ಅಂಗಡಿಯ ತಾಯಿ ಇನ್ನೊಂದು ಕೇಳಿದರು: "ಯಾವುದನ್ನ ಇಡಬಾರದು ಅಂತ ಬರೆದು ಕೊಡ್ರಿ." ಅದು ತೂಕದ ಪ್ರಶ್ನೆ. ನಿಯಮಾವಳಿ ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸು ಎನ್ನುತ್ತದೆಯೇ ಹೊರತು ಅಂಗಡಿಕಟ್ಟೆಯಲ್ಲಿ ಕೂತವರಿಗೆ ತಿಳಿಯುವ ಪಟ್ಟಿ ಕೊಡುವುದಿಲ್ಲ. ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳು, ಆರೋಗ್ಯಾಧಿಕಾರಿಗಳು, ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಕೂತು ಒಂದು ಹಾಳೆ ಸಿದ್ಧಮಾಡಿದರೆ ಸಾಕು. ಕನ್ನಡದಲ್ಲಿ, ಚಿತ್ರ ಸಹಿತ, ಇದು ಬೇಡ, ಇದು ಆದೀತು ಎಂದು. ಅದನ್ನು ಅಂಗಡಿಗೂ ಅಂಟಿಸಿ, ಶಾಲೆಯ ಗೋಡೆಗೂ ಅಂಟಿಸಿ. ಗೇಟಿನಿಂದ ಟೇಪು ಹಿಡಿದು 50 ಮೀಟರ್ ಅಳೆಯುವ ಕೆಲಸ ಗ್ರಾಮ ಪಂಚಾಯ್ತಿಗೆ, ಪಟ್ಟಣಗಳಲ್ಲಿ ಪುರಸಭೆ, ಪಟ್ಟಣ ಪಂಚಾಯ್ತಿಗಳಿಗೆ ಬಿಡಿ.

ಮಾಡಿದರೆ ಆಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. 2024ರ ಮಾರ್ಚ್‌ನಲ್ಲಿ ಬಾಂಬೆ ಮಿಠಾಯಿಯಲ್ಲಿ ರೊಡಮೈನ್-ಬಿ ಬಣ್ಣ ಪತ್ತೆಯಾದಾಗ ಆರೋಗ್ಯ ಇಲಾಖೆ ಬಣ್ಣ ಹಾಕಿದ ಮಿಠಾಯಿಯನ್ನು, ಕೃತಕ ಬಣ್ಣದ ಗೋಬಿ ಮಂಚೂರಿಯನ್ನು ನಿಷೇಧಿಸಿತು. ಬಣ್ಣವಿಲ್ಲದ ಮಿಠಾಯಿ ಮಾರಲು ಅಡ್ಡಿಯಿರಲಿಲ್ಲ, ವ್ಯಾಪಾರಿಯ ಹೊಟ್ಟೆಗೂ ದಾರಿ ಉಳಿಯಿತು. ದೂರದ ಮೆಕ್ಸಿಕೊ ದೇಶ 2025ರ ಮಾರ್ಚ್ ಕೊನೆಯಿಂದ ಇಡೀ ದೇಶದ ಶಾಲೆಗಳಲ್ಲಿ ಇಂಥ ತಿನಿಸನ್ನು ನಿಲ್ಲಿಸಿದೆ. ಅಲ್ಲಿಯೂ ಮೊದಲು ಹೆಜ್ಜೆಯಿಟ್ಟದ್ದು ವಾಹಾಕ ಎಂಬ ಬಡ ರಾಜ್ಯ, 2020ರಲ್ಲಿ. ದಿಲ್ಲಿ ಎಲ್ಲವನ್ನೂ ಮಾಡಲಿ ಎಂದು ಕಾಯುವ ಹಾಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಹಿ ತಂಪು ಪಾನೀಯಕ್ಕೆ ಶೇ 40 ಜಿಎಸ್‌ಟಿ ಬಂತು, ಸರಿ. ಅದೇ ದಿನ ಬಿಸ್ಕತ್ತು, ಚಾಕೊಲೇಟು, ಪಾಕೀಟ್ ಕುರುಕಲುಗಳ ತೆರಿಗೆ ಶೇ 5ಕ್ಕೆ ಇಳಿಯಿತು. ಬೆಲೆ ಏರಿ ಮಕ್ಕಳ ಕೈಗೆ ಪಾಕೀಟು ಎಟಕದಂತಾಗುವ ಕಾಲ ಸದ್ಯಕ್ಕಂತೂ ಬರುವುದಿಲ್ಲ.

ಶಾಲೆಯ ಒಳಗೂ ಒಂದೆರಡು ಕೆಲಸ ಇವೆ. ಹುಟ್ಟುಹಬ್ಬ ಬಂತೆಂದರೆ ಇಡೀ ತರಗತಿಗೆ ಚಾಕೊಲೇಟು ಹಂಚುವುದು ಖಾಸಗಿ ಶಾಲೆಗಳಲ್ಲಿ ಶುರುವಾಗಿ ಈಗ ಸರ್ಕಾರಿ ಶಾಲೆಗೂ ಬಂದಿದೆ. ಕೂಲಿ ಮಾಡುವ ತಾಯಿ ನಲವತ್ತು ಚಾಕೊಲೇಟಿಗೆ ಸಾಲ ಕೇಳುವುದನ್ನು ನೋಡಿದ್ದೇನೆ. ಬಾಳೆಹಣ್ಣೋ, ಲೈಬ್ರರಿಗೊಂದು ಪುಸ್ತಕವೋ, ಏನೂ ಕೊಡದಿದ್ದರೂ ಮೇಷ್ಟ್ರಿಂದ ಒಂದು ಚಪ್ಪಾಳೆಯೋ ಸಾಕು ಎಂದು ಸುತ್ತೋಲೆ ಬರಲಿ. ಸಿಬಿಎಸ್‌ಇ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆ ಸಕ್ಕರೆ ಫಲಕ ಹಾಕಲು ಹೇಳಿತು, ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಎಂದು ತೋರಿಸುವ ಫಲಕ. ನಮ್ಮ ಮಕ್ಕಳು ಓದುವುದು ರಾಜ್ಯದ ಶಾಲೆಗಳಲ್ಲಿ. ಅಲ್ಲಿಯೂ ಆ ಫಲಕ ಬರಲಿ. ಖಾಲಿ ಪಾಕೀಟಿನ ಪಕ್ಕ ಅಷ್ಟೇ ಸಕ್ಕರೆಯನ್ನು ಕವರಿನಲ್ಲಿ ಕಟ್ಟಿ ಮಕ್ಕಳ ಕೈಯಿಂದಲೇ ಅಂಟಿಸಿದರೆ ಯಾವ ಭಾಷಣವೂ ಬೇಡ.

ಬೇಡ ಎಂದ ಜಾಗದಲ್ಲಿ ಬೇರೆಯದು ಬಾರದಿದ್ದರೆ ಪಾಕೀಟು ಮತ್ತೆ ಬರುತ್ತದೆ. ನಮ್ಮ ಹೊಲಗಳಲ್ಲಿ ಶೇಂಗಾ ಇದೆ, ಅಲಸಂದಿ ಇದೆ, ಹೆಸರು, ಕಡಲೆ ಇವೆ. ಕುದಿಸಿದ ಶೇಂಗಾ, ಅಲಸಂದಿ ಗುಗ್ಗರಿ, ಪುಠಾಣಿ ಬೆಲ್ಲ, ಎಳ್ಳು ಹಚ್ಚಿದ ಕಟಕ ರೊಟ್ಟಿಗೆ ಶೇಂಗಾ ಚಟ್ನಿ, ಕಾಲಕ್ಕೆ ತಕ್ಕಂತೆ ಪೇರಲ, ಬಾರೆ, ಸೀತಾಫಲ. ಇವುಗಳಲ್ಲಿ ಯಾವುದೂ ಐದು ಹತ್ತು ರೂಪಾಯಿಗೆ ಗಿಟ್ಟದ ವಸ್ತುವಲ್ಲ. ಸಂಜೀವಿನಿ ಒಕ್ಕೂಟದ ಸ್ವಸಹಾಯ ಸಂಘಗಳು ಪ್ರತಿ ಪಂಚಾಯ್ತಿಯಲ್ಲಿವೆ. ಗುಗ್ಗರಿ ಬೇಯಿಸಿ ಬೆಳಿಗ್ಗೆ ಎಂಟೂವರೆಗೆ ಈ ಅಂಗಡಿಗಳಿಗೇ ತಲುಪಿಸುವ ಕೆಲಸವನ್ನು ಅವರಿಗೆ ಕೊಡಿ. ಮಾರುವ ತಾಯಿಗೆ ಪಾಕೀಟಿನಲ್ಲಿ ಸಿಗುವಷ್ಟೇ ಉಳಿತಾಯ ಸಿಗುವ ಹಾಗೆ ದರ ಗೊತ್ತುಮಾಡಿ. ಸಂಘಗಳ ಸಣ್ಣ ತಯಾರಿಕೆಗೆ ಬೇಕಾದ ಆಹಾರ ಸುರಕ್ಷತಾ ನೋಂದಣಿಯ ಶುಲ್ಕ ವರ್ಷಕ್ಕೆ 100 ರೂಪಾಯಿ, ಅದು ಹೊರೆಯಲ್ಲ. ಬೆಳಗಿನ ಹಾಲು, ರಾಗಿ ಮಾಲ್ಟ್ ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳ ಲೋಟಕ್ಕೆ ಬಿದ್ದರಂತೂ ಅಂಗಡಿಯ ಕಡೆ ಓಡುವ ಕಾಲುಗಳೇ ಕಡಿಮೆಯಾಗುತ್ತವೆ.

ಮೇ ಕೊನೆಗೆ ಶಾಲೆಗಳು ತೆರೆಯುತ್ತವೆ. ಅದಕ್ಕೂ ಮೊದಲು ಪಟ್ಟಿ ಸಿದ್ಧವಾಗಲಿ, ವಿತರಕರ ಸಭೆ ನಡೆಯಲಿ, ಪಂಚಾಯ್ತಿಗಳಿಗೆ ಆದೇಶ ಹೋಗಲಿ. ಪ್ರತಿ ಪಂಚಾಯ್ತಿಯಲ್ಲೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಈ ಸಲ ಗೇಟಿನ ಮುಂದಿನ 50 ಮೀಟರ್ ಏನಾಗಿದೆ ಎಂಬುದನ್ನು ಆ ಸಭೆಯ ಮೊದಲ ವಿಷಯವಾಗಿ ಇಡಿಸಿ, ಹಿರೇಹಡಗಲಿಯ ಸಭೆಗೆ ತಾವೇ ಬಂದು ಮಕ್ಕಳ ಉತ್ತರ ಕೇಳಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಹಿರೇಹಡಗಲಿಯ ಒಬ್ಬ ಪಾಲಕ