ಸೈಕಲ್ಲಿಗೆ ಸಾಲುವ ರಸ್ತೆ ಬೆಟ್ಟಕ್ಕೂ ಸಾಕು

ನೀಲಗಿರಿಯ ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಸುಮಾರು 30 ಕಿ.ಮೀ. ಹಾದಿಯಲ್ಲಿ ರಸ್ತೆಯು 1,200 ಮೀಟರಿಗೂ ಹೆಚ್ಚು ಎತ್ತರಕ್ಕೇರುತ್ತದೆ. 2008ರಲ್ಲಿ ಆರಂಭವಾದ 'ಟೂರ್ ಆಫ್ ನೀಲಗಿರೀಸ್' ಸೈಕಲ್ ಯಾತ್ರೆಯಿಂದಾಗಿ ಈ ಏರು ಕರ್ನಾಟಕದ ಬಯಲುಸೀಮೆಯ ಸವಾರರಿಗೂ ಪರಿಚಿತವಾಯಿತು. ಈ ಸವಾರರು ರಸ್ತೆಯನ್ನು ಅಗಲಿಸಿರೆಂದು ಕೇಳುವವರಲ್ಲ. ಇರುವ ಕಿರಿದಾದ ದಾರಿಯೇ ಅವರಿಗೆ ಧಾರಾಳ. ಹಾಗಾದರೆ ಬೆಟ್ಟವನ್ನು ಕಡಿದು ಅಗಲಿಸುವ ರಸ್ತೆಗಳು ಯಾರಿಗಾಗಿ?

ಊಟಿಯ ಸುತ್ತಲಿನ ಸೈಕಲ್ ಹಾದಿಗಳನ್ನು ನೋಡಿದರೆ ಈ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ಮಗ್ಗುಲಿನಿಂದ ಒಂದು ದಾರಿ ಚಹಾ ತೋಟಗಳ ನಡುವೆ ಕೋಟಗಿರಿಗೆ ಇಳಿಯುತ್ತದೆ. ಇನ್ನೊಂದು ಪೈಕಾರ ಜಲಾಶಯದ ಬಳಿ ಹಾದು ಗೂಡಲೂರಿಗೆ ಹೋಗುತ್ತದೆ. ಮತ್ತೊಂದು ಎಮರಾಲ್ಡ್ ಮತ್ತು ಅವಲಾಂಚಿ ಜಲಾಶಯಗಳ ಕಡೆಗೆ ಸಾಗುತ್ತದೆ. ದೊಡ್ಡಬೆಟ್ಟವೆಂಬ ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದಾರಿಬದಿಯ ಬಡಗರ ಹಟ್ಟಿಗಳಲ್ಲಿ ಕೇಳಿಬರುವ ನುಡಿಯೂ ಕನ್ನಡಕ್ಕೆ ತೀರ ಹತ್ತಿರದ್ದು. ನಿಧಾನವಾಗಿ ಬರುವ ಪ್ರವಾಸಿಗೆ ಇವೆಲ್ಲ ಕಾಣುತ್ತವೆ, ಕೇಳುತ್ತವೆ. ಕಿಟಕಿ ಮುಚ್ಚಿದ ಕಾರಿನವನಿಗೆ ಕಾಣುವುದು ಮುಂದಿನ ಕಾರಿನ ಹಿಂಬದಿ ಮಾತ್ರ.

ಬೆಟ್ಟದಲ್ಲಿ ರಸ್ತೆ ಅಗಲವಾಗಬೇಕಾದರೆ ಒಂದು ಬದಿಯ ಇಳಿಜಾರನ್ನು ಕಡಿಯಬೇಕು. ಬೇರು ಹಿಡಿದಿಟ್ಟ ಮಣ್ಣು ಸಡಿಲಗೊಳ್ಳುತ್ತದೆ. ಮಳೆನೀರಿನ ಸಹಜ ಹರಿವು ತಪ್ಪುತ್ತದೆ. 2009ರ ನವೆಂಬರಿನ ಭಾರೀ ಮಳೆಗೆ ನೀಲಗಿರಿಯಲ್ಲಿ ಗುಡ್ಡಗಳು ಕುಸಿದು 40ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಮಳೆಯನ್ನು ತಡೆಯುವುದು ಯಾರಿಂದಲೂ ಆಗದು. ಇಳಿಜಾರನ್ನು ಕಡಿಯದಿರುವುದು ಮಾತ್ರ ಮನುಷ್ಯರ ಕೈಯಲ್ಲಿಯೇ ಇದೆ.

ರಸ್ತೆ ಅಗಲವಾದಷ್ಟೂ ವಾಹನ ಹೆಚ್ಚುತ್ತದೆ. ವಾಹನ ಹೆಚ್ಚಿದಷ್ಟೂ ರಸ್ತೆ ಸಾಲದೆಂಬ ಕೂಗು ಏಳುತ್ತದೆ. ಈ ಸುತ್ತು ಎಲ್ಲಿಗೆ ಮುಟ್ಟಿತೆಂದರೆ, ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. 2025ರ ಬೇಸಿಗೆಯಲ್ಲಿ ವಾರದ ದಿನಗಳಿಗೆ 6,000, ವಾರಾಂತ್ಯಕ್ಕೆ 8,000 ವಾಹನಗಳೆಂಬ ಮಿತಿಯೂ ಬಂದಿತು. ಬೆಟ್ಟಕ್ಕೂ ಒಂದು ಧಾರಣಶಕ್ತಿಯಿದೆ ಎಂಬ ಮಾತನ್ನು ಕೊನೆಗೂ ನ್ಯಾಯಾಲಯ ಅಂಕಿಯಲ್ಲಿ ಬರೆಯಬೇಕಾಯಿತು. 1820ರ ದಶಕದಲ್ಲಿ ಜಾನ್ ಸುಲಿವನ್ ಕಟ್ಟಿಸಿದ ಊಟಿಯ ಕೆರೆ ಈ ಮಾತನ್ನು ಬಹಳ ಹಿಂದಿನಿಂದಲೇ ಹೇಳುತ್ತಿದೆ. ಬೆಟ್ಟದ ಮೇಲಿನ ಪಟ್ಟಣ ತನ್ನ ಕೊಳಚೆಯನ್ನು ಎಲ್ಲಿ ಚೆಲ್ಲಿದರೂ ಅದು ಕೆಳಗಿನ ನೀರಿಗೇ ಇಳಿಯುತ್ತದೆ.

ಆದರೆ ಸೈಕಲ್ ಎಂದಾಕ್ಷಣ ಎಲ್ಲವೂ ಪರಿಶುದ್ಧವೆಂದು ನಂಬುವುದೂ ತಪ್ಪು. ನೂರು ಸವಾರರ ಹಿಂದೆ ಕಾರು, ವ್ಯಾನುಗಳ ಸಾಲೇ ಬಂದರೆ ಬೆಟ್ಟಕ್ಕೆ ಲಾಭವೇನು? ಕಲ್ಲಟ್ಟಿಯ ಬುಡದ ಸಿಗೂರು ಪ್ರಸ್ಥಭೂಮಿ ಆನೆಗಳ ಹಾದಿ. ಅಲ್ಲಿನ ಆನೆ ಕಾರಿಡಾರನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿದಿದೆ. ಸೈಕಲ್ ಪ್ರವಾಸದ ಹೆಸರಿನಲ್ಲಿ ಅಲ್ಲಿ ಹೊಸ ರೆಸಾರ್ಟುಗಳು ಏಳುವುದಾಗಲಿ, ಕಾಡಿನೊಳಗಿನ ಕಚ್ಚಾ ದಾರಿಗಳು ತೆರೆಯುವುದಾಗಲಿ ಸಲ್ಲದು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ಇರುವ ನಿರ್ಬಂಧವನ್ನು ಸೈಕಲ್ ಸವಾರರೂ ತಮ್ಮದೇ ನಿಯಮವೆಂದು ಪಾಲಿಸಬೇಕು. ಆನೆಗೆ ದಾರಿ ಬಿಡುವುದರಲ್ಲಿ ವಾಹನಭೇದವಿಲ್ಲ.

ಹಟ್ಟಿಯ ರೈತನೇನೂ ಕ್ಯಾರೆಟ್ ಮೂಟೆಯನ್ನು ಸೈಕಲ್ಲಿನಲ್ಲಿ ಹೇರಿಕೊಂಡು ಘಾಟಿ ಏರಲಾರ. ಶಾಲೆಗೆ ಹೋಗುವ ಮಕ್ಕಳಿಗೂ ಬೇಕಾದದ್ದು ಹೊತ್ತಿಗೆ ಸರಿಯಾಗಿ ಬರುವ ಬಸ್ಸು. ಆ ಬಸ್ಸು ಕಾರುಗಳ ಸಾಲಿನಲ್ಲಿ ಗಂಟೆಗಟ್ಟಲೆ ಸಿಲುಕುವುದು ತಪ್ಪಬೇಕಾದರೆ ಹೊರಗಿನ ಕಾರುಗಳು ಕಡಿಮೆಯಾಗಬೇಕು. ಈ ಒಂದು ವಿಷಯದಲ್ಲಿ ಹಳ್ಳಿಗನ ಹಿತವೂ ಸವಾರನ ಹಿತವೂ ಒಂದೇ.

ಆದ್ದರಿಂದ ಬೇಡಿಕೆಗಳು ಸರಳವಾಗಿವೆ. ಈಗಿರುವ ರಸ್ತೆಗಳನ್ನು ಅಗಲಿಸದೆ ದುರಸ್ತಿಯಲ್ಲಿಡಲಿ, ಚರಂಡಿಗಳು ಸರಿಯಾಗಲಿ. ವಾರಕ್ಕೊಂದು ಬೆಳಿಗ್ಗೆ ಕೋಟಗಿರಿಯಂಥ ಒಂದು ದಾರಿಯನ್ನು ಬಸ್ಸು, ಸೈಕಲ್ ಮತ್ತು ಸ್ಥಳೀಯರ ವಾಹನಗಳಿಗಷ್ಟೇ ಬಿಡಲಿ. ಬಯಲಿನಿಂದ ಬರುವ ಬಸ್ಸುಗಳಲ್ಲಿ ಸೈಕಲ್ ಸಾಗಿಸಲು ಅನುಕೂಲವಾಗಲಿ. ಸವಾರರು ತಂಗುವುದು ಊರವರ ಮನೆಗಳಲ್ಲಿ, ಉಣ್ಣುವುದು ಊರ ಹೋಟೆಲುಗಳಲ್ಲಿ ಆಗಲಿ. ಕೊಡಗು, ಚಿಕ್ಕಮಗಳೂರುಗಳ ಘಾಟಿಗಳಿಗೂ ಈ ವಿವೇಕ ಬೇಕಾಗಿದೆ. ಬೆಟ್ಟಕ್ಕೆ ಬರುವವರು ಬೆಟ್ಟದ ವೇಗಕ್ಕೆ ಹೊಂದಿಕೊಳ್ಳಲಿ. ಅವರ ಅವಸರಕ್ಕಾಗಿ ಬೆಟ್ಟವನ್ನು ಕಡಿಯುವುದು ನಿಲ್ಲಲಿ.