ಮಂಡಿನೋವಿನ ಮಾತ್ರೆ ಮತ್ತು ಸ್ಟೀರಾಯ್ಡ್

ಮಂಡಿನೋವಿಗೆಂದು ಪರಿಚಿತರು ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ಭಕ್ತರಲ್ಲಿ ಕೆಲವರು ತಿಂಗಳುಗಟ್ಟಲೆ ನುಂಗುತ್ತಿರುವುದನ್ನು ನಾವು ಕಂಡಿದ್ದೇವೆ. ನೋವು ಬೇಗ ಇಳಿಯುತ್ತದೆ, ನಿಜ. ಆದರೆ ಆ ಮಾತ್ರೆಯ ಕೆಲಸ ಮಂಡಿಯಲ್ಲಿಯೇ ಮುಗಿಯುವುದಿಲ್ಲ. ಅದು ಜೀವಕೋಶದ ಪೊರೆಯನ್ನು ದಾಟಿ, ಒಳಗಿರುವ ಗ್ರಾಹಕವೆಂಬ ಪ್ರೋಟೀನನ್ನು ಕೂಡಿಕೊಂಡು ಕೋಶಕೇಂದ್ರವನ್ನು ಸೇರುತ್ತದೆ. ಅಲ್ಲಿ ಕೆಲವು ಜೀನುಗಳನ್ನು ಚುರುಕುಗೊಳಿಸಿ, ಕೆಲವನ್ನು ಅಡಗಿಸುತ್ತದೆ. ಮಾನವರಲ್ಲಿ ಇಂತಹ 48 ಗ್ರಾಹಕಗಳಿವೆ. ಥೈರಾಯ್ಡ್ ಹಾರ್ಮೋನು, ವಿಟಮಿನ್ ಡಿ ಇವುಗಳ ಗ್ರಾಹಕಗಳೂ ಇದೇ ಕುಲಕ್ಕೆ ಸೇರಿದವು. ಸ್ಟೀರಾಯ್ಡಿನ ಗ್ರಾಹಕವಾದರೋ ದೇಹದ ಬಹುತೇಕ ಎಲ್ಲ ಕೋಶಗಳಲ್ಲಿಯೂ ಇದೆ. ಆದುದರಿಂದಲೇ ಕೀಲಿನ ಉರಿಯೂತವನ್ನು ತಗ್ಗಿಸುವ ಅದೇ ಮಾತ್ರೆ ಯಕೃತ್ತಿನಲ್ಲಿ ಸಕ್ಕರೆಯ ಉತ್ಪತ್ತಿಯನ್ನು ಹೆಚ್ಚಿಸುತ್ತದೆ, ಮೂಳೆಯನ್ನು ಸವೆಸುತ್ತದೆ.

ಸ್ಟೀರಾಯ್ಡನ್ನೇ ದೂಷಿಸುವುದು ನಮಗೆ ಸಮ್ಮತವಲ್ಲ. ತೀವ್ರ ಉಬ್ಬಸದಲ್ಲಿ ಅದು ಪ್ರಾಣ ಉಳಿಸುವ ಔಷಧ. ವೈದ್ಯರ ಚೀಟಿಯಿಲ್ಲದ ಸೇವನೆಗಷ್ಟೇ ನಮ್ಮ ಆಕ್ಷೇಪ. ಆದರೂ ಬಹುಕಾಲದಿಂದ ಸೇವಿಸುತ್ತಿರುವವರು ಇದನ್ನೋದಿ ನಾಳೆಯೇ ನಿಲ್ಲಿಸಕೂಡದು. ಹೊರಗಿನ ಸ್ಟೀರಾಯ್ಡಿಗೆ ಒಗ್ಗಿದ ಅಡ್ರಿನಲ್ ಗ್ರಂಥಿ ತಾನು ಸ್ರವಿಸುವುದನ್ನು ತಗ್ಗಿಸಿರುತ್ತದೆ. ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾದೀತು. ಮಾತ್ರೆಯ ಹಾಳೆಯನ್ನೇ ವೈದ್ಯರಲ್ಲಿಗೆ ಒಯ್ದು ತೋರಿಸಿರಿ. ಹಂತಹಂತವಾಗಿ ಇಳಿಸುವ ಕ್ರಮವನ್ನು ಅವರು ತಿಳಿಸುವರು.